ಹಿಮ್ಮೇಳದ ಗಾಯ

ದೀಪಾವಳಿ ಕಳೆದು, ಸಿರಿಮನೆಯ ಜಲಪಾತ ಮಳೆಗಾಲದ ಆರ್ಭಟವನ್ನು ತೊರೆದು ಹದವಾಗಿ ಇಳಿಯತೊಡಗಿ, ಕಿಗ್ಗ, ಬೇಗಾರು, ನೆಮ್ಮಾರುಗಳ ತೋಟಗಳಲ್ಲಿ ಕೊನೆಗಾರರು ಅಡಿಕೆಯ ಮರವೇರುವ ಹೊತ್ತಿಗೆ ಸರಿಯಾಗಿ, ಘಟ್ಟದ ಕೆಳಗಣ ದೇವಸ್ಥಾನಗಳಲ್ಲಿ ಗೆಜ್ಜೆ ಕಟ್ಟಿ ಸೇವೆಯಾಟವನ್ನು ಮುಗಿಸಿದ ಯಕ್ಷಗಾನ ಮೇಳಗಳು ವರ್ಷದ ತಿರುಗಾಟಕ್ಕೆ ಹೊರಡುತ್ತವೆ. ಮೇ ತಿಂಗಳ ಕೊನೆಯ ಪರ್ಯಂತ, ಎಂದರೆ ಸರಿಸುಮಾರು ಆರು ತಿಂಗಳು, ಇಂದು ಈ ಊರಾದರೆ ನಾಳೆ ಮತ್ತೊಂದು ಊರು ಎಂಬಂತೆ ಅವು ಸಂಚರಿಸುತ್ತಲೇ ಇರುತ್ತವೆ. ಮಂದಾರ್ತಿಯ ಅಮ್ಮನಿಗೆ ಆಟದ ಹರಕೆ ಹೊತ್ತ ಒಕ್ಕಲುಗಳು ಘಟ್ಟದ ಮೇಲೆಯೂ ಬಹಳವಾದುದರಿಂದ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಗದ್ದೆಬಯಲುಗಳಲ್ಲಿಯೂ ಆಗಾಗ ರಂಗಸ್ಥಳ ಏಳುತ್ತದೆ. ಮುಸ್ಸಂಜೆಯಲ್ಲಿ ಆಟವನ್ನು ಸಾರುವ ಕೇಳಿಯ ಸದ್ದು ಗುಡ್ಡದಿಂದ ಗುಡ್ಡಕ್ಕೆ ಹಾಯುತ್ತದೆ. ಆಟವನ್ನು ಆಡಿಸುವ ಮನೆಯವರಿಗೆ ಅದು ಹಲವು ವರ್ಷ ಕಾದು ಪಡೆದ ಒಂದೇ ಒಂದು ರಾತ್ರಿ. ಆಡುವವರಿಗಾದರೋ ಅದು ಸುಮಾರು 180 ರಾತ್ರಿಗಳಲ್ಲಿ ಒಂದು. ನಾನೀಗ ಹೇಳಹೊರಟ ವಿಷಯವೆಲ್ಲ ಈ ಎರಡು ಲೆಕ್ಕಗಳ ನಡುವಣ ಅಂತರದಲ್ಲಿಯೇ ಇದೆ.

ವೇಷಧಾರಿಯೊಬ್ಬನು ಕಾಲು ಉಳುಕಿಸಿಕೊಂಡರೆ ಸಭೆಗೆ ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಅವನ ಗಿರಕಿಗಳು ಇಪ್ಪತ್ತರಿಂದ ಐದಕ್ಕೆ ಇಳಿದುವು, ಮಂಡಿಯ ಕುಣಿತ ಮಾಯವಾಯಿತು, ಮಾತು ತುಸು ಹೆಚ್ಚಾಯಿತು ಎಂದೆಲ್ಲ ಮುಂದಿನ ಸಾಲಿನ ಹಿರಿಯರು ಗುರುತಿಸಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ಇಡೀ ಊರಿಗೆ ಅದನ್ನು ಹಂಚಿರುತ್ತಾರೆ. ಆದರೆ ಅವನ ಹಿಂದೆ ಹಿಮ್ಮೇಳದಲ್ಲಿ ಕುಳಿತ ಭಾಗವತನ ಗಂಟಲು ಒಡೆದಿದೆಯೆಂದಾಗಲೀ, ಮದ್ದಳೆಗಾರನ ತೋರುಬೆರಳು ಸೀಳಿದೆಯೆಂದಾಗಲೀ, ಚಂಡೆಯವನ ಮಣಿಕಟ್ಟು ಬಾತಿದೆಯೆಂದಾಗಲೀ ಸಭೆಗೆ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ತಿಳಿಯಬಾರದೆಂಬುದೇ ಆ ವೃತ್ತಿಯ ಅಲಿಖಿತ ಶಾಸನ. ಭಾಗವತನೇ ಮೊದಲನೆಯ ವೇಷಧಾರಿ ಎಂಬ ಮಾತು ಮೇಳಗಳಲ್ಲಿ ಹಳೆಯದು. ಆತನು ಪದ್ಯವೆತ್ತದೆ ರಂಗದಲ್ಲಿ ಹುಲ್ಲುಕಡ್ಡಿಯೂ ಅಲುಗದು. ಆದರೂ ಬಣ್ಣ ಬಳಿದುಕೊಳ್ಳದ ಕಾರಣಕ್ಕೆ ಅವನ ಮೈಯನ್ನು ಯಾರೂ ನೋಡುವುದಿಲ್ಲ.

ತಿರುಗಾಟವೆಂಬುದರ ಅರ್ಥವ್ಯವಸ್ಥೆಯನ್ನು ಸ್ವಲ್ಪ ತಿಳಿಯದೆ ಈ ಮೌನವನ್ನು ಅರ್ಥಮಾಡಿಕೊಳ್ಳುವುದು ಶಕ್ಯವಿಲ್ಲ. ಮೇಳದ ಕಲಾವಿದನು ತನ್ನ ಆಯುಷ್ಯವನ್ನು ವರ್ಷಗಳಲ್ಲಿ ಎಣಿಸುವುದಿಲ್ಲ; ಇಂತಿಷ್ಟು ತಿರುಗಾಟ ಮಾಡಿದವನು ನಾನು ಎನ್ನುತ್ತಾನೆ. ಸಂಬಳದ ಮಾತುಕತೆಯೂ ಒಂದು ತಿರುಗಾಟಕ್ಕೆಂದೇ ಆಗುವುದು. ಮಳೆಗಾಲದಲ್ಲಿ, ಕೈಯಲ್ಲಿ ಆಟವಿಲ್ಲದ ಆಷಾಢ ಶ್ರಾವಣಗಳಲ್ಲಿ, ಮನೆಯ ಖರ್ಚಿಗೋ ಮಕ್ಕಳ ಶಾಲೆಗೋ ಮುಂಗಡವನ್ನು ಪಡೆದಿರುವುದೂ ಉಂಟು. ಹೀಗಾಗಿ ಗೆಜ್ಜೆ ಕಟ್ಟುವ ದಿನದಂದೇ ಆತನು ತನ್ನ ಮುಂದಿನ ಆರು ತಿಂಗಳ ಒಂದಂಶವನ್ನು ಆಗಲೇ ಉಂಡು ಮುಗಿಸಿದವನಾಗಿರುತ್ತಾನೆ. ಇಂಥವನಿಗೆ ಜನವರಿಯಲ್ಲಿ ಬೆರಳು ಸೀಳಿತೆಂದರೆ, ವೈದ್ಯರು ಹೇಳುವ ಮೂರು ವಾರಗಳ ವಿಶ್ರಾಂತಿಯೆಂಬುದು ಬರಿಯ ವೈದ್ಯಕೀಯ ಸಲಹೆಯಾಗಿ ಕೇಳಿಸದು. ಅದು ಸಾಲದ ಮೇಲೆ ಸಾಲವಾಗಿಯೂ, ಮುಂದಿನ ವರ್ಷದ ಸ್ಥಾನಕ್ಕೆ ಬಂದ ಸಂಚಕಾರವಾಗಿಯೂ ಕೇಳಿಸುತ್ತದೆ. ಕಲೆಗಾಗಿ ನೋವು ನುಂಗಿದನೆಂದು ನಾವು ಸಭೆಯಲ್ಲಿ ಶಾಲು ಹೊದಿಸುತ್ತೇವೆ. ಅವನು ನುಂಗಿದ್ದರಲ್ಲಿ ಕಲೆಯ ಪಾಲೆಷ್ಟು, ಕಂತಿನ ಪಾಲೆಷ್ಟು ಎಂದು ಕೇಳುವ ಧೈರ್ಯ ಶಾಲು ಹೊದಿಸುವವರಿಗಿಲ್ಲ.

ಮದ್ದಳೆಯನ್ನು ಹತ್ತಿರದಿಂದ ನೋಡಿದವರು ಕಡಮೆ. ಎಡಮುಚ್ಚಿಗೆಗೆ ಅನ್ನ ಬೂದಿಗಳನ್ನು ಕಲಸಿ ನಾದಿದ ಬೋಣವನ್ನು ಆಟಕ್ಕೆ ಮುನ್ನ ಮೆತ್ತುತ್ತಾರೆ. ಬಲಮುಚ್ಚಿಗೆಯಲ್ಲಿ ಕರಣೆಯ ಕಪ್ಪು ವೃತ್ತ. ಆ ವೃತ್ತದ ಅಂಚಿನಲ್ಲಿ ಛಾಪಿನ ಹೊಡೆತ ಬೀಳುವುದು. ಮೃದುವಾಗಿ ತಟ್ಟಿದರೆ ಛಾಪು ಹೊರಡುವುದಿಲ್ಲ. ಬೆರಳು ಬಿಗಿದ ಚರ್ಮದ ಮೇಲೆ ಚಾಟಿಯಂತೆ ಎರಗಿ ಎದ್ದು ಬರಬೇಕು. ಏರು ಶ್ರುತಿಯ ಮದ್ದಳೆಯನ್ನು ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ನೆಲೆಗೊಳಿಸಿದವರು ಹಿರಿಯಡಕ ಗೋಪಾಲರಾಯರು. 1919ರಲ್ಲಿ ಹುಟ್ಟಿ 2020ರಲ್ಲಿ, ನೂರನ್ನು ದಾಟಿ, ತೀರಿಕೊಂಡ ಆ ಮಹನೀಯರಿಂದೀಚೆಗೆ ಮದ್ದಳೆಯ ನಾದ ಎಷ್ಟು ಮೊನಚಾಯಿತೋ ಮುಚ್ಚಿಗೆಯ ಬಿಗಿತವೂ ಅಷ್ಟೇ ಹೆಚ್ಚಿತು, ಅದನ್ನು ನುಡಿಸುವ ಬೆರಳು ತೆರಬೇಕಾದ ಸುಂಕವೂ ಹೆಚ್ಚಿತು. ಇದರ ಮೇಲೆ ಮಲೆನಾಡಿನ ಚಳಿಗಾಲದ ರಾತ್ರಿ. ಮಧ್ಯರಾತ್ರಿ ಮೀರಿದ ಮೇಲೆ ಇಬ್ಬನಿ ಸುರಿಯತೊಡಗಿದರೆ ಚರ್ಮ ತೇವ ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ವಾದ್ಯವನ್ನು ಬೆಂಕಿಗೆ ಹಿಡಿದು, ಬಾರನ್ನು ಎಳೆದು ಮತ್ತೆ ಏರಿಸಬೇಕು. ಚಂಡೆ ಮದ್ದಳೆಗಳ ಚರ್ಮವನ್ನು ಹೀಗೆ ಕಾಯಿಸಿ ಬಿಗಿಗೊಳಿಸಬಹುದು. ನುಡಿಸುವವನ ಚರ್ಮವಾದರೋ ಅದೇ ಚಳಿಗೆ ಒಣಗಿ, ಒಡೆದು, ಗಟ್ಟಿಗಟ್ಟಿದ ಜಡ್ಡಿನ ಅಂಚಿನಲ್ಲಿ ಸೀಳು ಬಿಡುತ್ತದೆ.

ಕಿಗ್ಗದ ಕಡೆಯ ಒಂದು ಹರಕೆಯಾಟದ ಚೌಕಿಯಲ್ಲಿ, ಎಂದರೆ ಬಣ್ಣದ ಮನೆಯಲ್ಲಿ, ಅಂಥ ಬೆರಳೊಂದನ್ನು ನಾನು ದೀಪದ ಬೆಳಕಿನಲ್ಲಿ ನೋಡಿದೆ. ತೋರುಬೆರಳಿನ ತುದಿಯಲ್ಲಿ, ಉಗುರಿಗೆ ಅಡ್ಡವಾಗಿ, ಅಕ್ಕಿಕಾಳಿನಷ್ಟು ಉದ್ದದ ಬಿರುಕು; ಒಳಗೆ ಕೆಂಪು. ಮದ್ದಳೆಗಾರರು ಮಾತಾಡದೆ ಜೇಬಿನಿಂದ ಒಂದು ಪುಟ್ಟ ಫೆವಿಕ್ವಿಕ್ ಕೊಳವೆಯನ್ನು ತೆಗೆದು, ಎಡಗೈಯಿಂದ ಬಿರುಕಿನ ಎರಡೂ ದಡಗಳನ್ನು ಒತ್ತಿ ಹಿಡಿದು, ಒಂದೇ ಒಂದು ತೊಟ್ಟನ್ನು ಬಿಟ್ಟು, ಹಲ್ಲು ಕಚ್ಚಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಬೆರಳನ್ನು ಮೊಣಕಾಲಿಗೆ ಎರಡು ಸಲ ತಟ್ಟಿ ನೋಡಿ, ಶ್ರುತಿ ನೋಡಲು ಎದ್ದರು. ನೋವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ತಮ್ಮ ಕುಂದಾಪುರದ ಮಾತಿನಲ್ಲಿ, "ಪದ ಶುರು ಆರ್ ಮೇಲೆ ಗೊತ್ತಾತಿಲ್ಲೆ ಮಾರಾಯ್ರೆ. ಬೆಳಿಗ್ಗೆ ಚಾ ಲೋಟ ಹಿಡುಕೆ ಹ್ವಾರೆ ಗೊತ್ತಾತ್ತ್" ಎಂದರು.

ಈ ಎರಡು ವಾಕ್ಯಗಳಲ್ಲಿ ವಿಜ್ಞಾನವಿದೆ. ಆ ಅಂಟಿನ ತೊಟ್ಟಿನಲ್ಲಿಯೂ ಇದೆ. ಅಂಟಿನದನ್ನು ಮೊದಲು ಹೇಳುವೆನು. ಸಯನೋಅಕ್ರಿಲೇಟ್ ಎಂಬ ಈ ದ್ರವ್ಯವನ್ನು 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಎಂಬ ರಸಾಯನಶಾಸ್ತ್ರಜ್ಞನು ಬೇರಾವುದನ್ನೋ ಹುಡುಕುತ್ತಿದ್ದಾಗ ಕಂಡನು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂಬ ಕಾರಣಕ್ಕೆ ಆಗ ಅದನ್ನು ಬದಿಗೆ ತಳ್ಳಿದ್ದರು. ತೇವದ ಸೋಂಕು ತಗುಲಿದೊಡನೆ ಅದರ ಅಣುಗಳು ಸರಪಳಿಯಾಗಿ ಹೆಣೆದುಕೊಂಡು ಗಟ್ಟಿಯಾಗುತ್ತವೆ, ಚರ್ಮದಲ್ಲಿ ತೇವ ಸದಾ ಇದ್ದೇ ಇರುತ್ತದೆ. ವಿಯೆಟ್ನಾಮ್ ಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರ ರಕ್ತಸ್ರಾವವನ್ನು ತಡೆಯಲು ಇದನ್ನು ಸಿಂಪಡಿಸಿದುದುಂಟು. ಆದಕಾರಣ ಚೌಕಿಯ ಚಿಕಿತ್ಸೆಯನ್ನು ಮೂಢತನವೆಂದು ಜರೆಯುವಂತಿಲ್ಲ. ಆದರೆ ಆಸ್ಪತ್ರೆಯಲ್ಲಿ ಬಳಸುವ ಬಗೆ ಬೇರೆ, ಅಂಗಡಿಯ ಕೊಳವೆಯಲ್ಲಿರುವ ಬಗೆ ಬೇರೆ. ಅಂಗಡಿಯದು ಗಟ್ಟಿಯಾಗುವಾಗ ಹೆಚ್ಚು ಬಿಸಿಯೇರುತ್ತದೆ, ಒಳಚರ್ಮವನ್ನು ಕೆರಳಿಸುತ್ತದೆ, ಬಾಗುವ ಗುಣವಿಲ್ಲದ್ದರಿಂದ ಪದೇಪದೇ ಬಡಿತ ತಿಂದು ಅಂಚಿನಲ್ಲಿ ಬಿರಿದು ಸೀಳನ್ನು ಇನ್ನಷ್ಟು ಆಳಗೊಳಿಸಲೂಬಹುದು. ಒಂದು ರಾತ್ರಿಗೆ ಅದು ಸಾಕು. ತಿರುಗಾಟಕ್ಕೆ ಸಾಲದು.

ಇನ್ನು ಪದ ಶುರುವಾದ ಮೇಲೆ ನೋವು ತಿಳಿಯದೆಂಬ ಮಾತು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಆನ್ಜಿಯೋ ರಣರಂಗದಲ್ಲಿದ್ದ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯನು, ಭೀಕರವಾಗಿ ಗಾಯಗೊಂಡ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ನೋವುಶಾಮಕವನ್ನು ಬೇಡಲೇ ಇಲ್ಲವೆಂಬುದನ್ನು ಗಮನಿಸಿ 1946ರಲ್ಲಿ ಬರೆದನು. ಗಾಯದ ಗಾತ್ರಕ್ಕೂ ನೋವಿನ ಗಾತ್ರಕ್ಕೂ ನೇರವಾದ ಅಳತೆಯ ಸಂಬಂಧವಿಲ್ಲವೆಂಬುದು ಅದರಿಂದ ಹೊರಟ ಪಾಠ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ಇದಕ್ಕೊಂದು ವಿವರಣೆಯನ್ನು ಕೊಟ್ಟರು: ಗಾಯದ ಸುದ್ದಿ ಮಿದುಳಿಗೆ ನೇರವಾಗಿ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಅದಕ್ಕೊಂದು ಬಾಗಿಲಿದೆ, ಸ್ಪರ್ಶದ ಸಂವೇದನೆಗಳು ಒಂದೇ ಸಮನೆ ಬರುತ್ತಿದ್ದರೂ, ಮಿದುಳು ತಾನೇ ಬೇರೊಂದರಲ್ಲಿ ತನ್ಮಯವಾಗಿ ಮೇಲಿನಿಂದ ಆಜ್ಞೆ ಕಳುಹಿಸಿದರೂ ಆ ಬಾಗಿಲು ಮುಕ್ಕಾಲು ಮುಚ್ಚಿಕೊಳ್ಳುತ್ತದೆ. ಬಿರುಸಿನ ಏರುಪದಕ್ಕೆ ನುಡಿಸುವ ಮದ್ದಳೆಗಾರನ ವಿಷಯದಲ್ಲಿ ಈ ಎರಡೂ ಒಟ್ಟಿಗೇ ಸಂಭವಿಸುತ್ತವೆ. ಅವನ ಅಂಗೈಗೆ ಬಡಿತದ ಮೇಲೆ ಬಡಿತ. ಮನಸ್ಸು ಭಾಗವತನ ಎತ್ತುಗಡೆಯಲ್ಲಿ, ವೇಷಧಾರಿಯ ಹೆಜ್ಜೆಯಲ್ಲಿ, ಬರಲಿರುವ ಬಿಡ್ತಿಗೆಯ ಲೆಕ್ಕದಲ್ಲಿ. ನೋವಿಗೆ ಅಲ್ಲಿ ಎಡೆಯಿಲ್ಲ.

ಎಡೆಯಿಲ್ಲವೆಂಬುದೇ ಅಪಾಯ. ನೋವು ದೇಹದ ಶತ್ರುವಲ್ಲ, ಕಾವಲುಗಾರ. ಅವನನ್ನು ರಾತ್ರಿಯಿಡೀ ಮನೆಯಿಂದ ಹೊರಗೆ ನಿಲ್ಲಿಸಿದರೆ ಒಳಗೆ ಏನು ನಡೆಯಿತೆಂದು ಬೆಳಗ್ಗೆಯೇ ಗೊತ್ತಾಗುವುದು. ಬೆರಳಿನ ಸೀಳು ಹೊರಗಿನದು, ಹೇಗೋ ಮಾಯುತ್ತದೆ. ಚಂಡೆಯವನ ಮಣಿಕಟ್ಟಿನ ಸ್ನಾಯುರಜ್ಜುಗಳಿಗೆ ಉರಿಯೂತ ಬಂದರೆ ಕಥೆ ಬೇರೆ. ರಜ್ಜುಗಳಲ್ಲಿ ರಕ್ತಸಂಚಾರ ಮಾಂಸಖಂಡಗಳಲ್ಲಿರುವಷ್ಟು ಇಲ್ಲವಾದುದರಿಂದ ಅವುಗಳ ದುರಸ್ತಿ ವಾರಗಳ, ಕೆಲವೊಮ್ಮೆ ತಿಂಗಳುಗಳ ಕೆಲಸ. ಆ ಅವಧಿಯಲ್ಲಿ ದಿನವೂ ಕೋಲು ಹಿಡಿದರೆ ದುರಸ್ತಿಯಾದದ್ದಕ್ಕಿಂತ ಹರಿದದ್ದೇ ಹೆಚ್ಚಾಗಿ, ಕೊನೆಗೆ ಬಾಗಿಲ ಚಿಲಕ ತೆಗೆಯುವುದಕ್ಕೂ ಕೈ ಬಾರದ ಸ್ಥಿತಿ ಬರುತ್ತದೆ.

ಭಾಗವತನ ಗಂಟಲನ್ನು ಕುರಿತು ಒಂದು ಲೆಕ್ಕ ಹೇಳಬೇಕು. ಬಿಳಿ ನಾಲ್ಕರ ಶ್ರುತಿಯಲ್ಲಿ ಹಾಡುವವನು ತಾರಷಡ್ಜವನ್ನು ಹಿಡಿದು ನಿಂತನೆಂದರೆ ಆತನ ಧ್ವನಿತಂತುಗಳು ಒಂದು ಸೆಕೆಂಡಿಗೆ ಸುಮಾರು 350 ಬಾರಿ ಒಂದನ್ನೊಂದು ಸೋಕಿ ಬೇರೆಯಾಗುತ್ತಿರುತ್ತವೆ. ಒಂದು ನಿಮಿಷಕ್ಕೆ ಇಪ್ಪತ್ತು ಸಾವಿರವನ್ನು ಮೀರಿತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬಯಲಿನ ಕೊನೆಯ ಚಾಪೆಗೂ ಸಾಹಿತ್ಯ ಕೇಳಬೇಕೆಂದು ಹಿರಿಯ ಭಾಗವತರು ಇದಕ್ಕಿಂತಲೂ ಏರಿನಲ್ಲಿ ಹಾಡುತ್ತಿದ್ದರು. ಇಬ್ಬನಿಗೆ ಶೀತವಾಗಿ, ತಂತುಗಳು ಬಾತು, ಅವುಗಳ ಮೇಲಣ ಸೂಕ್ಷ್ಮ ರಕ್ತನಾಳ ಒಡೆದ ಸ್ಥಿತಿಯಲ್ಲಿ ಇದೇ ಘರ್ಷಣೆ ನಡೆಯಿತೆಂದರೆ ತಂತುವಿನಲ್ಲಿ ಮಾಯದ ಕಲೆ ಉಳಿಯಬಹುದು. ಒಮ್ಮೆ ಉಳಿದರೆ ಹಳೆಯ ಕಂಠ ಮರಳದು. ಚೌಕಿಯಲ್ಲಿ ಸದಾ ಸಿದ್ಧವಿರುವ ಮೆಣಸು ಶುಂಠಿಗಳ ಕಷಾಯ, ಜ್ಯೇಷ್ಠಮಧು, ಕಲ್ಲುಸಕ್ಕರೆಗಳ ಮೇಲೆ ನನಗೆ ತುಂಬ ಪ್ರೀತಿಯಿದ್ದರೂ ಒಂದನ್ನು ಹೇಳಲೇಬೇಕು: ನುಂಗಿದ ಯಾವ ವಸ್ತುವೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಅನ್ನದ ದಾರಿ ಹಿಂದೆ, ಉಸಿರಿನ ದಾರಿ ಮುಂದೆ; ಕಷಾಯ ತಂತುಗಳನ್ನು ಮುಟ್ಟಿತೆಂದರೆ ಕುಡಿದವನು ಕೆಮ್ಮಿ ಕೆಮ್ಮಿ ಕಂಗಾಲಾಗಬೇಕು. ಗಂಟಲಿನ ಕೆರೆತವನ್ನು ಶಮನಗೊಳಿಸಿ ಕೆಮ್ಮನ್ನು ತಡೆಯುವುದಷ್ಟೇ ಅದರ ಉಪಕಾರ. ತಂತುಗಳಿಗೆ ನೇರವಾಗಿ ತಲಪುವುದು ಉಗಿಯೊಂದೇ. ಮತ್ತೊಂದು, ಸ್ವರ ಕೆಟ್ಟಾಗ ಪಿಸುಗುಟ್ಟುವುದನ್ನು ವಿಶ್ರಾಂತಿಯೆಂದು ತಿಳಿಯುವವರಿದ್ದಾರೆ. ಒತ್ತಿ ಪಿಸುಗುಟ್ಟಿದರೆ ಆಯಾಸ ಹೆಚ್ಚುವುದೇ ಹೊರತು ಕಡಮೆಯಾಗದು. ಬಾಯಿ ಮುಚ್ಚಿಕೊಂಡಿರುವುದೇ ಮದ್ದು. ಭಾಗವತನಿಗೆ ಬಾಯಿ ಮುಚ್ಚಿಕೊಂಡಿರು ಎನ್ನುವುದು ಎಷ್ಟು ಸುಲಭವೋ ನೀವೇ ಊಹಿಸಿ.

ಆದರೂ ಮೇಳಗಳು ಇಷ್ಟು ಕಾಲ ನಡೆದು ಬಂದಿವೆ. ಇದರ ರಹಸ್ಯ ವ್ಯಕ್ತಿಗಳ ಸಹನಶೀಲತೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ರಾತ್ರಿಯನ್ನು ಹಂಚಿಕೊಳ್ಳುವ ಕ್ರಮದಲ್ಲಿದೆಯೆಂಬುದು ನನ್ನ ಅಭಿಪ್ರಾಯ. ಹಳೆಯ ಪದ್ಧತಿಯಲ್ಲಿ ಸಂಜೆಯ ಕೋಡಂಗಿ, ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷಗಳನ್ನೆಲ್ಲ ನಡೆಸುವವನು ಎಳೆಯ ಸಂಗೀತಗಾರ. ಪ್ರಸಂಗದ ಮೊದಲ ಭಾಗ ಸಹಭಾಗವತನದು. ನಡುರಾತ್ರಿ ಮೀರಿ ಕಥೆ ಕಾವೇರಿದ ಮೇಲೆ ಮುಖ್ಯ ಭಾಗವತನು ತಾಳ ಹಿಡಿದು ಬರುತ್ತಾನೆ. ಮದ್ದಳೆಗೂ ಒತ್ತು ಮದ್ದಳೆಗಾರನಿದ್ದಾನೆ. ಇದು ಕಲಿಕೆಯ ಕ್ರಮವೂ ಹೌದು, ಅನಾರೋಗ್ಯಕ್ಕೆ ಕಟ್ಟಿಟ್ಟ ಬುತ್ತಿಯೂ ಹೌದು. ಮುಖ್ಯನಾದವನಿಗೆ ಗಂಟಲು ಕೆಟ್ಟ ರಾತ್ರಿ ಸಹಭಾಗವತನು ಇನ್ನೆರಡು ಗಂಟೆ ಮುಂದುವರಿದರೆ ಸಭೆ ಗೊಣಗಬಹುದು, ಆಟ ನಿಲ್ಲದು. ಯಾರನ್ನೂ ನಾಯಕನೆಂದು ಕರೆಯದೆ, ಯಾರ ಮಾನವನ್ನೂ ಕಳೆಯದೆ, ಗಾಯಗೊಂಡವನನ್ನು ಸಾಲಿನ ನಡುವೆ ಇಟ್ಟುಕೊಂಡು ನಡೆಯುವ ಈ ಉಪಾಯವನ್ನು ಯಾವ ಆಡಳಿತಶಾಸ್ತ್ರದವನೂ ಕಲಿಸಲಿಲ್ಲ.

ಒತ್ತಿನವನೂ ಇಲ್ಲದಿದ್ದರೆ ಊರಿದೆ. ಮಲೆನಾಡಿನ ಊರುಗಳಲ್ಲಿ ವೇಷವಿಲ್ಲದೆ ಕುಳಿತು ನಡೆಸುವ ಮಳೆಗಾಲದ ತಾಳಮದ್ದಳೆಗಳಿಂದಾಗಿ ಹವ್ಯಾಸಿ ಮದ್ದಳೆಗಾರರಿಗೆ ಬರವಿಲ್ಲ. ಅದೇ ಕಿಗ್ಗದ ಆಟದಲ್ಲಿ ಎರಡನೆಯ ಜಾವದ ಹೊತ್ತಿಗೆ ಅಂಟು ಬಿಟ್ಟು ಮದ್ದಳೆಯ ಬಲಮುಚ್ಚಿಗೆ ಕೆಂಪಾದಾಗ, ಸಭೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ತೋಟದ ಯಜಮಾನರೊಬ್ಬರನ್ನು ಕರೆತಂದು ಕೂರಿಸಿದರು. ಅವರಾದರೋ ಆ ಸಂಜೆಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವರು. ಹತ್ತೂ ಬೆರಳುಗಳಿಗೆ ಚೊಗರಿನ ಕಪ್ಪು, ಹೆಬ್ಬೆರಳಿಗೆ ಕತ್ತಿಯ ಗೀರಿನ ಮೇಲೊಂದು ಹಳೆಯ ಬಟ್ಟೆಯ ಪಟ್ಟಿ. ಗಾಯಗೊಂಡವರ ಬದಲಿಗೆ ಬಂದವರೂ ಗಾಯಗೊಂಡವರೇ ಎಂದು ಚೌಕಿಯಲ್ಲಿ ನಗು ಎದ್ದಿತು. ಭಾಗವತರು ಅವರ ಕೈ ನೋಡಿ ಕಾಲವನ್ನು ಒಂದಿಷ್ಟು ತಗ್ಗಿಸಿದರು. ಯುದ್ಧದ ಪದ್ಯ ತುಸು ನಿಧಾನವಾದುದನ್ನು ಸಭೆಯಲ್ಲಿ ಗುರುತಿಸಿದವರು ವಿರಳ. ಬೆರಳಿಗೆ ಪಟ್ಟಿ ಸುತ್ತಿಕೊಂಡ ಮದ್ದಳೆಗಾರರು ಪಕ್ಕದಲ್ಲಿಯೇ ಕುಳಿತು ಬಾಯಲ್ಲಿ ಜತಿಯನ್ನು ಮೆಲ್ಲಗೆ ಹೇಳಿಕೊಡುತ್ತಿದ್ದರು.

ಗಾಯಗೊಂಡೂ ಹಾಡಿದವರ ಕಥೆಗಳಲ್ಲಿ ಕನ್ನಡಿಗರು ಮರೆಯಬಾರದ ಒಂದು ಇದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ, ಬಾಲಪ್ರತಿಭೆಯಾಗಿ ಊರೂರು ತಿರುಗಿ ಹಾಡಿ ಕುಮಾರ ಗಂಧರ್ವರೆನಿಸಿಕೊಂಡವರು, ಇಪ್ಪತ್ತಮೂರು ಇಪ್ಪತ್ತನಾಲ್ಕರ ಹರೆಯದಲ್ಲಿ ಕ್ಷಯಕ್ಕೆ ತುತ್ತಾದರು. 1948ರಲ್ಲಿ ಒಣಹವೆಯನ್ನು ಅರಸಿ ಮಾಳವದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. 1943ರಲ್ಲಷ್ಟೇ ಕಂಡುಹಿಡಿಯಲ್ಪಟ್ಟ ಸ್ಟ್ರೆಪ್ಟೊಮೈಸಿನ್ ಆ ವೇಳೆಗೆ ನಮ್ಮ ದೇಶವನ್ನು ತಲಪಿ ಅವರ ಜೀವವನ್ನು ಉಳಿಸಿತು. ಒಂದು ಶ್ವಾಸಕೋಶವಂತೂ ಕೈಬಿಟ್ಟಿತು. ಹಾಸಿಗೆಯಲ್ಲಿ ಮಲಗಿದ ವರ್ಷಗಳಲ್ಲಿ ಕಿಟಕಿಯಾಚೆಯ ಮಾಳವದ ಜನಪದ ಹಾಡುಗಳನ್ನು ಕೇಳುತ್ತ ಕೇಳುತ್ತ, 1953ರಲ್ಲಿ ಮತ್ತೆ ಸಭೆಗೆ ಬಂದಾಗ ಅವರ ಗಾಯನವೇ ಬೇರೆಯಾಗಿತ್ತು. ಅವರ ಚಿಕ್ಕ ಚಿಕ್ಕ, ಮಿಂಚಿ ಮಾಯವಾಗುವ ಸ್ವರಪುಂಜಗಳು ಒಂದೇ ಶ್ವಾಸಕೋಶದ ಫಲವೋ ಸ್ವತಂತ್ರ ಪ್ರತಿಭೆಯ ಆಯ್ಕೆಯೋ ಎಂಬ ಚರ್ಚೆ ರಸಿಕರಲ್ಲಿ ಇನ್ನೂ ನಡೆದಿದೆ, ನಡೆಯಲಿ. ನನಗೆ ಮುಖ್ಯವೆನಿಸುವುದು ಆ ಐದಾರು ವರ್ಷಗಳ ಮೌನ. ಅವರು ಗಾಯವನ್ನು ಹೊತ್ತು ತಿರುಗಲಿಲ್ಲ. ಗಾಯ ಮಾಯುವ ತನಕ ನಿಂತರು, ಹಾಗೆ ನಿಲ್ಲುವುದಕ್ಕೆ ಮನೆಯವರ, ಮಿತ್ರರ ಆಸರೆ ಅವರಿಗಿತ್ತು.

ಪಶ್ಚಿಮದಲ್ಲಿಯೂ ನೋಡಿ. ಫ್ರಾನ್ಸಿನ ಅಲೆಮಾರಿ ಸಮುದಾಯದ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ನ ಬಂಡಿಮನೆಗೆ 1928ರಲ್ಲಿ ಬೆಂಕಿ ಬಿದ್ದು ಎಡಗೈಯ ಎರಡು ಬೆರಳುಗಳು ಮುರುಟಿದುವು. ಉಳಿದ ಎರಡರಿಂದಲೇ ತಂತಿಗಳ ಮೇಲೆ ಓಡುವ ಹೊಸ ಕ್ರಮವೊಂದನ್ನು ಆತನು ಸಾಧಿಸಿದನು, ಆದರೆ ಅದಕ್ಕೆ ಮೊದಲು ದೀರ್ಘಕಾಲದ ಚಿಕಿತ್ಸೆಯಿತ್ತು. 2015ರ ಜೂನಿನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಫೂ ಫೈಟರ್ಸ್ ತಂಡದ ಡೇವ್ ಗ್ರೋಲ್ ವೇದಿಕೆಯಿಂದ ಬಿದ್ದು ಕಾಲು ಮುರಿದುಕೊಂಡು, ವೈದ್ಯಕೀಯ ಸಹಾಯಕನೊಬ್ಬನು ಕಾಲನ್ನು ಹಿಡಿದುಕೊಂಡಿದ್ದಂತೆಯೇ ಕಛೇರಿಯನ್ನು ಮುಗಿಸಿದುದು ಜಗತ್ತಿಗೆಲ್ಲ ಸುದ್ದಿಯಾಯಿತು. ಮುಂದಿನ ಕೆಲವು ಕಛೇರಿಗಳನ್ನು ಅವನ ತಂಡ ರದ್ದುಮಾಡಿತು, ಶಸ್ತ್ರಚಿಕಿತ್ಸೆಯಾಯಿತು, ಜುಲೈಯಲ್ಲಿ ಅವನಿಗೆಂದೇ ಮಾಡಿಸಿದ ಸಿಂಹಾಸನದಲ್ಲಿ ಕುಳಿತು ಪ್ರವಾಸ ಮುಂದುವರಿಯಿತು ಎಂಬುದನ್ನೂ ಮರೆಯುವಂತಿಲ್ಲ. ರದ್ದುಮಾಡುವ ಅನುಕೂಲ ಇದ್ದವನ ಶೌರ್ಯಕ್ಕೂ ಇಲ್ಲದವನ ಶೌರ್ಯಕ್ಕೂ ಒಂದೇ ಹೆಸರಿಡುವುದು ನ್ಯಾಯವಲ್ಲ. ಹರಕೆಯಾಟದ ದಿನ ವರ್ಷಗಳ ಮೊದಲೇ ನಿಶ್ಚಯವಾದದ್ದು, ದೇವರ ಹೆಸರಿನದು. ಅದನ್ನು ಮುಂದೂಡುವವರು ಯಾರು?

ವೇಷಧಾರಿಗೆ ಮಂಡಿ ಹೋದರೆ ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಆಶ್ರಯವುಂಟು. ಕುಳಿತಲ್ಲಿಯೇ ಭೀಷ್ಮನಾಗಬಹುದು, ವಾಲಿಯಾಗಬಹುದು. ಹಿಮ್ಮೇಳದವನಿಗೆ ಅಂಥ ಎರಡನೆಯ ಮನೆಯಿಲ್ಲ. ಬೆರಳು ಹೋದರೆ ತಾಳಮದ್ದಳೆಗೂ ಮದ್ದಳೆಯೇ ಬೇಕಷ್ಟೆ. ಇದಲ್ಲದೆ ಯಾರೂ ಗಾಯವೆಂದು ಎಣಿಸದ ಗಾಯವೊಂದು ಕಿವಿಯದು. 85 ಡೆಸಿಬೆಲ್ ಮಟ್ಟದ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು, ಅಲ್ಲಿಂದ ಮೂರು ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿಯನ್ನು ಅರ್ಧರ್ಧ ಇಳಿಸಬೇಕೆಂಬುದು ವೃತ್ತಿ ಆರೋಗ್ಯ ತಜ್ಞರು ಹಾಕಿಕೊಟ್ಟ ಲೆಕ್ಕ. ಹಾಗೆ ನೋಡಿದರೆ 100 ಡೆಸಿಬೆಲ್ ಸದ್ದಿಗೆ ಕಾಲು ಗಂಟೆಯೇ ಮಿತಿ. ಕೈಯಳತೆಯ ದೂರದಲ್ಲಿ ಚಂಡೆ ನುಡಿಯುತ್ತಿರಲು ರಾತ್ರಿಯಿಡೀ ಕುಳಿತಿರುವ ಭಾಗವತನ ಕಿವಿಗೆ ಈ ಲೆಕ್ಕವನ್ನು ಅನ್ವಯಿಸಿ ನೋಡಿ. ವಯಸ್ಸಾದ ಹಿಮ್ಮೇಳದವರು ದೊಡ್ಡ ದನಿಯಲ್ಲಿ ಮಾತಾಡುವುದನ್ನು ನಾವು ಅವರ ಸ್ವಭಾವವೆಂದು ತಿಳಿದಿದ್ದೇವೆ.

ರಸ್ತೆಯ ಮಾತು ಇನ್ನೂ ಉಳಿದಿದೆ. ಹಿಂದೆ ಪೆಟ್ಟಿಗೆಗಳನ್ನು ಹೊತ್ತ ಆಳುಗಳೊಂದಿಗೆ ಕಲಾವಿದರು ಕಾಲುದಾರಿಯಲ್ಲಿಯೇ ಘಟ್ಟ ಹತ್ತಿ ಬರುತ್ತಿದ್ದರು. ಉಂಬಳ ಕಚ್ಚಿದ್ದೋ ಮುಳ್ಳು ಚುಚ್ಚಿದ್ದೋ ಆಗಿನ ಗಾಯ. ಈಗ ಬಸ್ಸು, ಲಾರಿ, ಸ್ವಂತದ ಬೈಕು. ನಿದ್ದೆಗೆಟ್ಟ ಕಣ್ಣಿನಲ್ಲಿ ಮುಂಜಾನೆ ಆಗುಂಬೆಯ ತಿರುವುಗಳನ್ನು ಇಳಿದು ಮನೆ ಸೇರಿ, ಸಂಜೆಗೆ ಮತ್ತೆ ಹೊರಡುವವರು ಎಷ್ಟೋ ಮಂದಿ. ಸಾಲಿಗ್ರಾಮ ಮೇಳದ ಭಾಗವತ ಕಾಳಿಂಗ ನಾವಡರು 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡು ತುಂಬಿರಲಿಲ್ಲ. ಬಡಗುತಿಟ್ಟಿನ ಹಾಡುಗಾರಿಕೆಯ ದಿಕ್ಕನ್ನೇ ಬದಲಿಸಿದ ಆ ಕಂಠ ತಿರುಗಾಟ ಮುಗಿಯುವ ದಿನಗಳಲ್ಲಿ ನಿಂತುಹೋಯಿತು.

ಈಚೆಗೆ ಹಲವು ಮೇಳಗಳು ಕಾಲಮಿತಿಗೆ ಹೊರಳಿವೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿದ 2000ದ ನಿಯಮಗಳೂ, ಬೆಳಗಿನವರೆಗೆ ಕೂರದ ಸಭೆಯೂ ಇದಕ್ಕೆ ಕಾರಣ. ಹಿಮ್ಮೇಳದವರ ಮೈಗೆ ಇದರಿಂದ ಆರಾಮವಾಯಿತೆಂದು ನಾನೂ ಮೊದಮೊದಲು ಸಂತೋಷಪಟ್ಟೆನು. ನಿದ್ದೆಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ಕಾಲ ಮೊಟಕಾದಾಗ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ, ಎಂದರೆ ಸಂಗೀತಗಾರನಿಗೆ, ಒತ್ತಿನವನಿಗೆ. ಉಳಿದ ಮೂರು ನಾಲ್ಕು ಗಂಟೆಗಳು ಏರುಪದಗಳ ಮೇಲೆ ಏರುಪದಗಳಾಗಿ ಮುಖ್ಯನಾದವನ ಕೊರಳಿಗೇ ಬಿದ್ದುವು. ಹಳೆಯ ರಾತ್ರಿಯಲ್ಲಿ ಗಾಯಗೊಂಡವನು ಅಡಗಿಕೊಳ್ಳಬಹುದಾಗಿದ್ದ ಮೂಲೆಗಳು ಹೊಸ ಸಂಜೆಯಲ್ಲಿ ಇಲ್ಲ.

ಸಮಾಜ ಕೈಕಟ್ಟಿ ಕುಳಿತಿದೆಯೆಂದಲ್ಲ. ಉಡುಪಿಯಲ್ಲಿ 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗವು ಯಕ್ಷನಿಧಿಯ ಮೂಲಕ ವೃತ್ತಿ ಕಲಾವಿದರ ಕ್ಷೇಮವನ್ನು ನೋಡಿಕೊಳ್ಳುತ್ತ ಬಂದಿದೆ. ಸ್ವತಃ ಭಾಗವತರಾದ ಪಟ್ಲ ಸತೀಶ ಶೆಟ್ಟರು 2015ರಲ್ಲಿ ಕಟ್ಟಿದ ಯಕ್ಷಧ್ರುವ ಪ್ರತಿಷ್ಠಾನ ಅಪಘಾತ ವಿಮೆ, ಚಿಕಿತ್ಸೆ, ಮನೆಗಳ ವಿಷಯದಲ್ಲಿ ಮಾಡಿದ ಕೆಲಸ ಸಣ್ಣದಲ್ಲ. ಅಶಕ್ತ ಕಲಾವಿದರಿಗೆ ಸರಕಾರದ ಮಾಸಾಶನವೂ ಇದೆ. ಆದರೆ ಇವೆಲ್ಲ ಬಿದ್ದವನನ್ನು ಎತ್ತುವ ವ್ಯವಸ್ಥೆಗಳು. ಆಸ್ಪತ್ರೆಯ ಮೆಟ್ಟಿಲು ಹತ್ತದ, ಎಕ್ಸ್‌ರೇಯಲ್ಲಿ ಕಾಣದ, ಎರಡು ವಾರ ಸುಮ್ಮನಿದ್ದರೆ ತಾನಾಗಿ ಮಾಯುವ ಗಾಯಕ್ಕೆ ಬೇಕಾದದ್ದು ಆ ಎರಡು ವಾರಗಳ ಸಂಬಳ ಮತ್ತು ಮರಳಿ ಬಂದಾಗ ಅದೇ ಜಾಗ. ವಿಮೆಯ ಯಾವ ಕಾಗದವೂ ಇದನ್ನು ಕೊಡದು. ಕೊಡಬೇಕಾದುದು ತಿರುಗಾಟದ ಒಪ್ಪಂದ. ಒಂದು ತಿರುಗಾಟಕ್ಕೆ ಇಷ್ಟು ರಾತ್ರಿಗಳ ವೇತನಸಹಿತ ವಿಶ್ರಾಂತಿಯೆಂದು ಬರೆದುಕೊಂಡರೆ ಮೇಳದ ಯಜಮಾನರಿಗೆ ತಗಲುವುದು ಒಬ್ಬ ಹೆಚ್ಚಿನ ಒತ್ತಿನವನ ಸಂಬಳ. ಆ ಖರ್ಚನ್ನು ಆಟದ ವೀಳ್ಯದಲ್ಲಿ ತುಸು ಏರಿಸಿದರೆ ಆಡಿಸುವವರು ಬೇಡವೆನ್ನಲಾರರು. ಮಲೆನಾಡಿನಲ್ಲಿ ಆಟ ಆಡಿಸುವ ಮನೆಯವರು ಬಂದವರಿಗೆ ಊಟ, ಬಿಸಿನೀರು, ಹಾಸಿಗೆಗಳಲ್ಲಿ ಎಂದೂ ಕಡಮೆ ಮಾಡಿದವರಲ್ಲ.

ಕಿಗ್ಗದ ಆಟದ ಆ ಮದ್ದಳೆಗಾರರನ್ನು, ತಿರುಗಾಟ ಮುಗಿದು ಮೇಳ ಒಳಸೇರಿದ ಮೇಲೆ, ಮುಂಗಾರಿನ ಆರಂಭದಲ್ಲಿ, ಕೊಪ್ಪದ ಬಸ್‌ನಿಲ್ದಾಣದಲ್ಲಿ ಕಂಡೆನು. ಬೆರಳು ಮಾದಿತ್ತು, ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಬಿದ್ದಿತ್ತು. ಆರು ವಾರ ವಾದ್ಯ ಮುಟ್ಟಬಾರದೆಂದು ವೈದ್ಯರು ಹೇಳಿದ್ದಾರಂತೆ. ಹಾಗಾದರೆ ಈ ಮಳೆಗಾಲವಿಡೀ ಮನೆಯಲ್ಲಿಯೇ ಇರುವಿರಷ್ಟೆ ಎಂದೆನು. ಚಿಕ್ಕಮೇಳದೊಂದಿಗೆ ಮನೆಮನೆ ತಿರುಗುವುದಕ್ಕೆ ಆಗಲೇ ವೀಳ್ಯ ಹಿಡಿದಾಗಿದೆ, ಮುಂದಿನ ಸೋಮವಾರವೇ ಹೊರಡುವುದು, ದಿನಕ್ಕೆ ಹತ್ತಾರು ಮನೆಗಳಾದರೂ ಒಂದೊಂದರಲ್ಲಿ ಕಾಲು ಗಂಟೆಯ ನುಡಿಸಾಣಿಕೆಯಷ್ಟೇ ಎಂದು ಹೇಳಿ, ಶೃಂಗೇರಿಯ ಬಸ್ಸು ಬಂದುದರಿಂದ ಎಡಗೈಯಲ್ಲಿ ಚೀಲವನ್ನು ಎತ್ತಿಕೊಂಡು ಹತ್ತಿದರು.